ಹಿಂದಿನ ಸೀಟು ಖಾಲಿಯಿರುವ ಚಿತ್ರ

ಮ್ಯೂನಿಕ್‌ನ ಎಸ್-ಬಾನ್ ರೈಲಿನಲ್ಲಿ ಕೂತಿರುವಾಗ ನನ್ನ ಎಡಗೈ ತನ್ನಷ್ಟಕ್ಕೆ ಎದುರಿನ ಸೀಟಿನ ಅಂಚನ್ನು ತಡವಲು ಶುರು ಮಾಡುತ್ತದೆ. ಕೆಳಗಿನಿಂದ ಮೇಲಕ್ಕೆ, ಮತ್ತೆ ಕೆಳಕ್ಕೆ. ಎದುರು ಕೂತವರು ಮೊಣಕಾಲು ಸರಿಸಿಕೊಂಡಾಗಲೇ ನನಗೆ ಎಚ್ಚರ. ಆ ರೈಲಿನ ಸೀಟಿನಲ್ಲಿ ನಾನು ಹುಡುಕುವ ಗುಂಡಿ ಇಲ್ಲ. ಅದು ಇರುವುದು ಭಾವನ ಕಾರಿನಲ್ಲಿ.

ಭಾವ ಎಂದರೆ ಅಕ್ಕನ ಗಂಡ. ನಾವು ಮೈಸೂರಿನವರು, ಅವರು ಮಂಗಳೂರಿನವರು. ಈಗ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಎಂಜಿನಿಯರು. ಆಫೀಸಿಗೆ ಹೋಗುವುದು ಸೈಕಲ್ಲಿನಲ್ಲಿ, ಸಾಮಾನು ತರುವುದು ಸೈಕಲ್ಲಿನಲ್ಲಿ. ಅಂಥವರು ಕಳೆದ ವರ್ಷದ ಬೇಸಗೆಯಲ್ಲಿ, ತಾವು ಹುಟ್ಟುವ ಮೊದಲೇ ಅಮೆರಿಕದಲ್ಲಿ ತಯಾರಾಗಿದ್ದ ಒಂದು ಕಾರು ಕೊಂಡರು. ಎರಡೇ ಬಾಗಿಲು. ಮನೆಯ ಜಗಲಿಯಷ್ಟು ಉದ್ದದ ಬಾನೆಟ್. ಕಡುಗೆಂಪು ಬಣ್ಣ, ಮೇಲೆ ಚರ್ಮದಂತೆ ಕಾಣುವ ಬಿಳಿ ರೆಕ್ಸಿನ್ ಹೊದಿಸಿದ ಛಾವಣಿ. ಹಿಂದೆ ಕೂತವರಿಗೆ ಪುಟ್ಟದೊಂದು ಮೊಟ್ಟೆಯಾಕಾರದ ಕಿಟಕಿ, ಅದನ್ನು ತೆರೆಯಲಾಗುವುದಿಲ್ಲ. ಮೂತಿಯ ಮೇಲೆ ಒಂದು ರಾಜಲಾಂಛನ. ಯಾವ ರಾಜನದು ಎಂದು ಕೇಳಿದೆ. ಯಾರದೂ ಅಲ್ಲ, ಕಂಪನಿಯವರೇ ಬರೆಸಿದ್ದು ಎಂದು ಭಾವ ಹೆಮ್ಮೆಯಿಂದಲೇ ಹೇಳಿದರು.

ಮಂಗಳೂರಿನಲ್ಲಿ ಅವರು ಚಿಕ್ಕಂದಿನಲ್ಲಿ ಕೂದಲು ಕತ್ತರಿಸಿಕೊಳ್ಳುತ್ತಿದ್ದ ಅಂಗಡಿಯ ಗೋಡೆಯಲ್ಲಿ ಕನ್ನಡಿಯ ಪಕ್ಕ ಇಂಥದೊಂದು ಕಾರಿನ ಜಾಹೀರಾತಿಗೆ ಕಟ್ಟು ಹಾಕಿಸಿ ತೂಗುಬಿಟ್ಟಿದ್ದರಂತೆ. ಯಾವುದೋ ಅಮೆರಿಕನ್ ಪತ್ರಿಕೆಯ ಹಾಳೆ. ಕುತ್ತಿಗೆಗೆ ಬಟ್ಟೆ ಸುತ್ತಿ, ತಲೆ ಅಲ್ಲಾಡಿಸಬೇಡ ಎಂದು ಗದರಿಸಿ ಕೂರಿಸಿದಾಗ ನೋಡಲು ಇದ್ದದ್ದು ಅದೊಂದೇ. ಭಾವನಿಗೆ ಕಾರು ಮಾರಿದ ಜರ್ಮನ್ ಮುದುಕನ ಕಥೆಯೂ ಬೇರೆಯಲ್ಲ. ಅವನ ಊರಿನ ಹತ್ತಿರ ಅಮೆರಿಕನ್ ಸೈನಿಕರ ಬಿಡಾರವಿತ್ತು. ಸೈನಿಕರು ಇಂಥ ಕಾರುಗಳಲ್ಲಿ ಓಡಾಡುವುದನ್ನು ಬೇಲಿಯ ಆಚೆಯಿಂದ ನೋಡಿ ಬೆಳೆದವನು. ಒಬ್ಬ ಬೇಲಿಯಾಚೆಯಿಂದ, ಇನ್ನೊಬ್ಬ ಕನ್ನಡಿಯ ಪಕ್ಕದಿಂದ. ಇಬ್ಬರಿಗೂ ಅದು ಅವರ ಬಾಲ್ಯವಲ್ಲ, ಆದರೂ ಇಬ್ಬರೂ ಅದನ್ನು ನೆನೆದು ಕಣ್ಣು ತುಂಬಿಕೊಂಡರು ಎಂದು ಅಕ್ಕ ಫೋನಿನಲ್ಲಿ ನಕ್ಕಳು.

ನಾನು ನಗಲಿಲ್ಲ. ನನ್ನ ಹೊಟ್ಟೆಪಾಡೇ ಅದು. ಕಾರುಗಳ ಮಾರಾಟಕ್ಕೆ ಬೇಕಾದ ಮಾತುಗಳನ್ನು ಬರೆಯುವ ಕೆಲಸ ನನ್ನದು. ಹೊಸ ಬ್ಯಾಟರಿ ಕಾರಿಗೂ ಹಳೆಯ ಕಾಲದ ಒಂದು ಛಾಯೆ ಕೊಡಿ ಎಂದೇ ನಮಗೆ ಹೇಳುವುದು. ಆದ್ದರಿಂದ ಮುದುಕ ಕಾರಿನ ಜೊತೆಗೆ ಕೊಟ್ಟ ಆ ಕಾಲದ ಬ್ರೋಷರನ್ನು ಭಾವ ನನ್ನ ಮುಂದೆ ಬಿಡಿಸಿಟ್ಟಾಗ ನಾನು ಅದನ್ನು ಕಸುಬಿನ ಕಣ್ಣಿನಿಂದ ನೋಡಿದೆ. ಸಂಜೆಯ ಬೆಳಕು, ಕಂಬಗಳಿರುವ ದೊಡ್ಡ ಮನೆ, ಮುತ್ತಿನ ಸರದ ಹೆಂಗಸು, ಕೈಗವಸು ಬಿಚ್ಚುತ್ತಿರುವ ಗಂಡಸು. ವೇಗದ ಮಾತಿಲ್ಲ, ಮೈಲೇಜಿನ ಮಾತಿಲ್ಲ. ಒಳಗಿನ ನಿಶ್ಶಬ್ದದ ಬಗ್ಗೆ ಒಂದಿಡೀ ಪುಟ, ವೆಲ್ವೆಟ್ ಸೀಟಿನ ಬಗ್ಗೆ ಇನ್ನೊಂದು. ಇದು ಸಂಸಾರದ ಕಾರಲ್ಲ, ನಿಮ್ಮೊಬ್ಬರದು ಎಂಬುದನ್ನು ಹಲವು ಬಗೆಯಲ್ಲಿ ಹೇಳಿದ್ದರು. ಆಗ ನನಗೆ ಅದು ಬರೀ ಚಮತ್ಕಾರವಾಗಿ ಕಂಡಿತು.

ಕಾರು ಅವರ ಅಪಾರ್ಟ್‌ಮೆಂಟಿನ ಕೆಳಗಿನ ಟೀಫ್‌ಗರಾಜೆಯಲ್ಲಿ, ಅಂದರೆ ನೆಲದಡಿಯ ಗ್ಯಾರೇಜಿನಲ್ಲಿ ನಿಲ್ಲುತ್ತಿತ್ತು. ಜರ್ಮನ್ ಕಾರುಗಳಿಗೆಂದು ಗೆರೆ ಎಳೆದ ಜಾಗ; ಇದು ಅದರಲ್ಲಿ ಹಿಡಿಸದು. ಬಲಬದಿಯನ್ನು ಸಿಮೆಂಟು ಕಂಬಕ್ಕೆ ತಾಗುವಷ್ಟು ಒತ್ತಿ ನಿಲ್ಲಿಸಿದರೆ ಮಾತ್ರ ಡ್ರೈವರ್ ಕಡೆಯ ಎಡಬಾಗಿಲು ತೆರೆಯುತ್ತಿತ್ತು. ಆ ಒಂದೇ ಬಾಗಿಲಿನಿಂದ ಎಲ್ಲರೂ ಹತ್ತಬೇಕು, ಇಳಿಯಬೇಕು. ಡ್ರೈವರ್ ಸೀಟಿನ ಬೆನ್ನನ್ನು ಮುಂದಕ್ಕೆ ಬಾಗಿಸಿದರೆ ಹಿಂದಕ್ಕೆ ಹೋಗಲು ದಾರಿ. ಭಾವ ಪ್ರತಿಸಲವೂ ಅದನ್ನು ತಾವೇ ಬಾಗಿಸಿ, ತಲೆ ತಗ್ಗಿಸಿ, ದಯಮಾಡಿಸಿ ಎಂದು ತಮಾಷೆ ಮಾಡುತ್ತಿದ್ದರು. ಹೇಗೆ ಬಾಗಿಸುತ್ತಾರೆ ಎಂದು ನಾನು ನೋಡಿಯೇ ಇರಲಿಲ್ಲ.

ಆಯುಧ ಪೂಜೆಗೆ ನಾನು ಮ್ಯೂನಿಕ್‌ನಿಂದ ಹೋದೆ. ಹಿಂದಿನ ವರ್ಷ ಸೈಕಲ್ಲುಗಳಿಗೆ ಅಂಗಳದಲ್ಲಿ ಪೂಜೆ ಮಾಡಿ ಕಾಯಿ ಒಡೆದಿದ್ದಕ್ಕೆ ಕೆಳಮನೆಯ ಹೆಂಗಸು ಗಲಾಟೆ ಎಂದು ದೂರು ಕೊಟ್ಟಿದ್ದಳು. ಹಾಗಾಗಿ ಈ ಸಲ ಕಾಯಿಯೂ ಬೇಡ, ಅಂಗಳವೂ ಬೇಡ, ಕೆಳಗೇ ಮುಗಿಸೋಣ ಎಂದಾಯಿತು. ಹೊರಗೆ ಮಳೆ ಬೇರೆ. ಬೆಳಿಗ್ಗೆ ತಟ್ಟೆ, ಹೂವು, ನಿಂಬೆಹಣ್ಣು ಹಿಡಿದು ಇಳಿದೆವು. ನನ್ನ ಅಕ್ಕನ ಮಗಳು ಹೊಸ ಲಂಗ ಹಾಕಿಕೊಂಡು ಮುಂದೆ. ಅವಳಿಗೆ ಆರು ವರ್ಷ. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಜರ್ಮನ್‌ನಲ್ಲಿ.

ಭಾವನ ತಂದೆ ಮಂಗಳೂರಿನಲ್ಲಿ ಬಸ್ ಡ್ರೈವರಾಗಿದ್ದವರು. ಅವರ ಮನೆಯಲ್ಲಿ ಒಂದು ಪದ್ಧತಿ. ಆಯುಧ ಪೂಜೆಯ ದಿನ ನಿಂತ ಗಾಡಿಗೆ ಆರತಿ ಎತ್ತುವುದಿಲ್ಲ. ಬಾನೆಟ್ ತೆರೆದು, ಎಂಜಿನ್ ಓಡುತ್ತಿರುವಾಗ, ಅದರ ಉಸಿರಿಗೇ ಆರತಿ. ಮನೆಯ ಮಕ್ಕಳೆಲ್ಲ ಮೊದಲೇ ಬಸ್ಸಿನೊಳಗೆ ಕೂತಿರಬೇಕು. ಆರತಿಯಾದ ಕೂಡಲೇ ಚಕ್ರ ನಿಂಬೆಹಣ್ಣಿನ ಮೇಲೆ ಹೋಗಬೇಕು. ಭಾವ ಚಿಕ್ಕಂದಿನಲ್ಲಿ ಹಾಗೆ ಕೂತವರು. ಮಗಳೂ ಹಾಗೆ ಕೂರಬೇಕೆಂದು ಅವರ ಆಸೆ.

ಗೋಡೆಯ ಮೇಲೆ ಬೆಂಕಿಕಡ್ಡಿಗೆ ಕೆಂಪು ಗೆರೆ ಹೊಡೆದ ಫಲಕ ಎಲ್ಲರಿಗೂ ಕಾಣುತ್ತಿತ್ತು. ಅಕ್ಕ ಅದನ್ನು ತೋರಿಸಿದಳು.

"ರೀ, ಕುಂಕುಮ ಇಟ್ಟು ಕೈ ಮುಗಿದ್ರೆ ಸಾಲ್ದಾ?"

"ಒಂದು ಚೂರು ಕರ್ಪೂರಕ್ಕೆ ಎಂತ ಆಗ್ತದೆ ಮಾರಾಯ್ತಿ. ನಮ್ಮಪ್ಪ ಡೀಸೆಲ್ ಟ್ಯಾಂಕಿನ ಪಕ್ಕ ನಿಂತು ಎತ್ತುತ್ತಿದ್ರು."

ಡೀಸೆಲ್. ಆ ಮಾತು ನಮ್ಮ ಮೂವರ ನಡುವೆ ಹಾದುಹೋಯಿತು, ಇದು ಪೆಟ್ರೋಲ್ ಕಾರು ಎಂದು ಯಾರೂ ಅದನ್ನು ಹಿಡಿದು ನಿಲ್ಲಿಸಲಿಲ್ಲ.

ಮಗುವನ್ನು ಹಿಡಿದುಕೊಳ್ಳಲು ನಾನೂ ಹಿಂದಿನ ಸೀಟಿಗೆ ಹೋದೆ. ಭಾವ ಸೀಟಿನ ಬೆನ್ನನ್ನು ಟಪ್ಪೆಂದು ಹಿಂದಕ್ಕೆ ನಿಲ್ಲಿಸಿ, ತಾವು ಕೂತು, ಬಾಗಿಲು ಎಳೆದುಕೊಂಡರು. ಹೊರಗಿನ ಸದ್ದು ನಿಂತುಹೋಯಿತು. ಬ್ರೋಷರಿನಲ್ಲಿ ಹೇಳಿದ್ದು ಸುಳ್ಳಲ್ಲ ಎಂದುಕೊಂಡೆ. ಎದುರಿಗೆ ಎತ್ತಿ ನಿಲ್ಲಿಸಿದ ಬಾನೆಟ್ ಕೆಂಪು ಗೋಡೆಯಂತೆ ನಿಂತಿತ್ತು. ಅದರಾಚೆ ಆರತಿ ತಟ್ಟೆ ಹಿಡಿದು ಅಕ್ಕ ಇದ್ದಾಳೆ ಎಂಬುದಷ್ಟೇ ಗೊತ್ತು, ಕಾಣುತ್ತಿಲ್ಲ. ಬಾನೆಟ್ಟಿನ ಕೆಳಗೆ ಬೆರಳಗಲದ ಒಂದು ಸಂದು.

ಎಂಜಿನ್ ಹತ್ತಲಿಲ್ಲ. ಭಾವ ಪೆಡಲ್ ತುಳಿದರು, ಕೀಲಿ ತಿರುಗಿಸಿದರು, ಮತ್ತೆ ತುಳಿದರು. ಪೆಟ್ರೋಲಿನ ವಾಸನೆ ಒಳಗೆ ಬಂತು. ಮಗು ಮೂಗು ಹಿಡಿದುಕೊಂಡು "ಚಿಕ್ಕಿ, ಎಸ್ ಶ್ಟಿಂಕ್ಟ್" ಎಂದಿತು. ನಾರುತ್ತಿದೆ ಎಂದು.

ಭಾವ ತಿರುಗದೆಯೇ ನಕ್ಕರು. "ಅದು ನಾತ ಅಲ್ಲ ಪುಟ್ಟಿ. ಹಳೇ ಕಾಲದ ಪರಿಮಳ."

ನಾನೂ ನಕ್ಕೆ. ಅಷ್ಟರಲ್ಲಿ ಎಂಜಿನ್ ಹತ್ತಿತು. ಇಡೀ ಕಾರು ಮೆಲ್ಲಗೆ ತೂಗತೊಡಗಿತು. ಸಂದಿನಲ್ಲಿ ಕರ್ಪೂರದ ಪುಟ್ಟ ಬೆಳಕು ಎಡದಿಂದ ಬಲಕ್ಕೆ ಹೋಯಿತು. ಬಲದಿಂದ ಎಡಕ್ಕೆ ಬಂತು. ಮಗು ಕೈ ಮುಗಿಯಿತು. ಆಮೇಲೆ ಸಂದಿನಲ್ಲಿದ್ದ ಬೆಳಕು ಓಡಾಡುವುದನ್ನು ನಿಲ್ಲಿಸಿ ಉದ್ದಕ್ಕೂ ಹರಡಿಕೊಂಡಿತು.

ನಾನು ಮತ್ತೆ ಮತ್ತೆ ಹೋಗುವುದು ಈ ಜಾಗಕ್ಕೆ. ಯಾವ ಸದ್ದೂ ಆಗಲಿಲ್ಲ. ಅಕ್ಕ ಕೂಗಿದಳಂತೆ, ತಟ್ಟೆ ಬಿತ್ತಂತೆ. ನಮಗೆ ಕೇಳಿಸಿದ್ದು ಎಂಜಿನ್ನಿನ ಗುಂಯ್ ಮಾತ್ರ. ಸಂದು ಹಳದಿಯಾಯಿತು, ಬಿಳಿಯಾಯಿತು, ಬಾನೆಟ್ಟಿನ ಅಂಚಿನ ಬಣ್ಣ ಗುಳ್ಳೆ ಎದ್ದಿತು. ಭಾವ ಅಕ್ಕನ ಹೆಸರು ಕೂಗುತ್ತಾ ಬಾಗಿಲು ದೂಡಿ ಹಾರಿದರು. ಆ ಉದ್ದನೆಯ ಬಾಗಿಲು ತನ್ನದೇ ಭಾರಕ್ಕೆ ಹಿಂದಿರುಗಿ ಬಂದು ಮೆತ್ತಗೆ ಮುಚ್ಚಿಕೊಂಡಿತು.

ಹಿಂದಿನ ಸೀಟಿನಲ್ಲಿ ನಾನು, ಮಗು. ಮುಂದಿನ ಸೀಟಿನ ಬೆನ್ನು ಅಲುಗಲಿಲ್ಲ. ನಾನು ದೂಡಿದೆ, ಒದ್ದೆ. ಅಂಚಿನಲ್ಲಿ ಕೈ ಆಡಿಸಿದೆ. ಎಲ್ಲಿ ಮುಟ್ಟಿದರೂ ಹೊಳೆಯುವ ಪಟ್ಟಿಗಳು, ಗುಬಟುಗಳು, ವೆಲ್ವೆಟ್ಟಿನ ಗುಂಡಿಗಳು. ಅಲಂಕಾರ ಯಾವುದು, ಕೆಲಸಕ್ಕೆ ಬರುವುದು ಯಾವುದು ಎಂದು ಬೆರಳಿಗೆ ತಿಳಿಯಲಿಲ್ಲ. ಮೊಟ್ಟೆ ಕಿಟಕಿಗೆ ಮೊಣಕೈಯಿಂದ ಹೊಡೆದೆ; ಅದರಾಚೆ ಇದ್ದದ್ದು ಸಿಮೆಂಟಿನ ಕಂಬ. ಹೊಗೆ ಒಳಗೆ ಬರುತ್ತಿತ್ತು. ಮಗು ಅಳಲಿಲ್ಲ, ನನ್ನ ಮುಖವನ್ನೇ ನೋಡುತ್ತಿತ್ತು. ಅವಳನ್ನು ಎತ್ತಿ, ಸೀಟಿಗೂ ಛಾವಣಿಗೂ ನಡುವಿನ ಕಿಂಡಿಯಲ್ಲಿ ತಲೆ ಮೊದಲಾಗಿ ತೂರಿಸಿದೆ. ಮುಂದಕ್ಕೆ ಬಿದ್ದಳು. ಬಾಗಿಲು ತೆರೆಯೆಂದೆ. ಹಿಡಿ ಸಿಕ್ಕಿತು, ದೂಡಲು ಬಲ ಸಾಲಲಿಲ್ಲ. ಆಗ ಅವಳು, ಯಾರೂ ಹೇಳಿಕೊಡದೆ, ಎರಡೂ ಅಂಗೈಯಿಂದ ಹಾರ್ನ್ ಒತ್ತಿ ಹಿಡಿದಳು.

ಬಾಗಿಲು ಎಳೆದವರು ಭಾವ. ಮಗುವನ್ನು ಎತ್ತಿಕೊಂಡು ಮೆಟ್ಟಿಲಿನ ಕಡೆ ಓಡಿದರು. ಅವರ ಹಿಂದೆಯೇ ಅಕ್ಕ ಬಂದಳು. ಬಲಗೈ ಮೊಣಕೈವರೆಗೆ ಸುಟ್ಟಿತ್ತು. ಅದೇ ಕೈಯನ್ನು ಸೀಟಿನ ಬದಿಗೆ ತೂರಿಸಿ, ನೋಡದೆಯೇ, ಕೆಳಗಿನ ಒಂದು ಗುಂಡಿ ಒತ್ತಿದಳು. ಬೆನ್ನು ಬಾಗಿತು.

"ಬಾ ಆಚೆ," ಎಂದಳು. ಅಷ್ಟೇ.

ಹಾರ್ನ್ ಕೇಳಿ ಇಳಿದು ಬಂದಿದ್ದ ಕೆಳಮನೆಯ ಹೆಂಗಸು ಗೋಡೆಯಲ್ಲಿದ್ದ ಕೆಂಪು ಸಿಲಿಂಡರನ್ನು ಕಿತ್ತು ಎಂಜಿನ್ನಿನ ಮೇಲೆ ಖಾಲಿ ಮಾಡಿದಳು. ಅಗ್ನಿಶಾಮಕದವರು ಬರುವ ಹೊತ್ತಿಗೆ ಬಿಳಿ ಪುಡಿ, ಕಪ್ಪು ಹೊಗೆ, ಚಕ್ರದ ಮುಂದೆ ಹಾಗೇ ಉಳಿದ ನಿಂಬೆಹಣ್ಣು. ಪೆಟ್ರೋಲ್ ಹರಿಯುವ ರಬ್ಬರ್ ಕೊಳವೆ ಬಿರುಕು ಬಿಟ್ಟಿತ್ತು ಎಂದು ಆಮೇಲೆ ಗೊತ್ತಾಯಿತು.

ಅಕ್ಕನ ಕೈಯ ಗಾಯ ಮಾಯ್ದಿದೆ; ಚರ್ಮ ಮಾತ್ರ ಹೊಳೆಯುತ್ತದೆ. ಮಗು ಬಸ್ಸಿನಲ್ಲಿ ಬಾಗಿಲ ಬಳಿಯೇ ನಿಲ್ಲುತ್ತದೆ, ಸೀಟು ಖಾಲಿಯಿದ್ದರೂ. ಆ ಬ್ರೋಷರನ್ನು ನಾನು ಇನ್ನೊಮ್ಮೆ ನೋಡಿದೆ. ಎಷ್ಟೊಂದು ಚಿತ್ರಗಳು, ಒಂದರಲ್ಲೂ ಹಿಂದಿನ ಸೀಟಿನಲ್ಲಿ ಯಾರೂ ಇಲ್ಲ. ಅದನ್ನು ಬರೆದವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಸಂಸಾರದ ಕಾರಲ್ಲ ಎಂದೇ ಹೇಳಿದ್ದರು.

ಕಾರನ್ನು ಗುಜರಿಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಭಾವ ಕೊಳವೆ ಬದಲಿಸಿ, ಬಣ್ಣ ಹೊಡೆಸಿ, ಊರಾಚೆ ಒಬ್ಬ ರೈತನ ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ಮಾರಲೇಬೇಕು ಎಂದು ಅಕ್ಕ ಪಟ್ಟು ಹಿಡಿದ ಮೇಲೆ, ಒಂದು ಜಾಹೀರಾತು ಬರೆದುಕೊಡು ಎಂದು ನನ್ನನ್ನೇ ಕೇಳಿದರು. ನಾನು ಒಲ್ಲೆ ಎಂದೆ. ಅವರೇ ಬರೆದರು. ವೆಲ್ವೆಟ್, ನಿಶ್ಶಬ್ದ, ಹೀಗೆ ಒಂದೊಂದೂ ಬ್ರೋಷರಿನದೇ ಮಾತು.

ಈ ವಸಂತದಲ್ಲಿ ಜರ್ಮನ್ ದಂಪತಿ ಕಾರು ನೋಡಲು ಬಂದರು. ನಾನೂ ಭಾವನ ಜೊತೆ ಹೋಗಿದ್ದೆ. ಗಂಡ ಮೂತಿಯ ಲಾಂಛನದ ಮುಂದೆ ಮಂಡಿಯೂರಿ ಕೂತುಬಿಟ್ಟ. ಹೆಂಡತಿ ಎದೆಗೆ ಕಟ್ಟಿಕೊಂಡ ಚೀಲದಲ್ಲಿ ನಿದ್ದೆಹೋದ ಕೂಸು. ಭಾನುವಾರಗಳಂದು ಮೂವರೂ ಹಳ್ಳಿಗಳ ಕಡೆ ಹೋಗಬೇಕು, ಮಗುವಿನ ಸೀಟು ಹಿಂದೆ ಹಿಡಿಸುತ್ತದಲ್ಲ ಎಂದು ಕೇಳಿದಳು. ಆರಾಮಾಗಿ ಹಿಡಿಸುತ್ತದೆ ಎಂದರು ಭಾವ. ಬೆಂಕಿಯ ಮಾತು ಎತ್ತಲಿಲ್ಲ.

ಕೂಸನ್ನು ನನ್ನ ಕೈಗೆ ಕೊಡಿ, ನೀವು ಒಮ್ಮೆ ಹಿಂದೆ ಕೂತು ನೋಡಿ ಎಂದೆ. ನಗುತ್ತಾ ಒಳಗೆ ಹೋದಳು. ನಾನು ಸೀಟಿನ ಬೆನ್ನನ್ನು ನಿಲ್ಲಿಸಿದೆ. ಈಗ ನೀವೇ ಹೊರಗೆ ಬನ್ನಿ ಎಂದು ಹೇಳಿ ಬಾಗಿಲು ಮುಚ್ಚಿದೆ. ಭಾವ ನನ್ನನ್ನು ನೋಡಿದರು.

ಮೊಟ್ಟೆ ಕಿಟಕಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಮೊದಲು ನಗು. ಸೀಟನ್ನು ದೂಡಿದಳು. ಅಂಚಿನಲ್ಲಿ ಕೈ ಆಡಿಸಿದಳು, ಕೆಳಗಿನಿಂದ ಮೇಲಕ್ಕೆ, ಮತ್ತೆ ಕೆಳಕ್ಕೆ. ನಗು ಹೋಯಿತು. ಬಾಯಿ ಅಲ್ಲಾಡುತ್ತಿತ್ತು, ಹೊರಗೆ ಏನೂ ಕೇಳುತ್ತಿರಲಿಲ್ಲ. ಗಂಡ ಇನ್ನೂ ಲಾಂಛನವನ್ನು ಅಂಗಿಯ ತೋಳಿನಿಂದ ಒರೆಸುತ್ತಿದ್ದ. ನಾನು ಬಾಗಿಲು ತೆರೆದು ಗುಂಡಿ ಒತ್ತಿದೆ. ಅವಳು ಹೊರಗೆ ಬಂದವಳೇ ನನ್ನ ತೋಳಿನಿಂದ ಕೂಸನ್ನು ಕಿತ್ತುಕೊಂಡಳು.

ಅವರು ಕೊಳ್ಳಲಿಲ್ಲ. ಹೋಗುವಾಗ ಗಂಡ ಮಾತ್ರ ಎರಡು ಸಲ ತಿರುಗಿ ನೋಡಿದ. ವಾಪಸು ಬರುವಾಗ ಬಸ್ಸಿನಲ್ಲಿ ಭಾವ ಕಿಟಕಿಯ ಪಕ್ಕ ಕೂತರು. ನಮ್ಮ ನಿಲ್ದಾಣ ಹತ್ತಿರ ಬಂದಾಗ, ಶನಿವಾರ ಇನ್ನೊಬ್ಬರು ಬರುತ್ತಾರೆ, ನೀನು ಬರುವುದು ಬೇಡ ಎಂದರು.

ಅವರಿಗೂ ಮಕ್ಕಳಿದ್ದಾರೆಯೇ ಎಂದು ಕೇಳಿದೆ. ಭಾವ ಕಿಟಕಿಯ ಹೊರಗೆ ನೋಡುತ್ತಿದ್ದರು.