ಕಲ್ಲಿನ ಚರ್ಚಿನ ಮುಂದೆ ಮಡಚಿದ ಕೊಡೆಗಳು

ಆ ಚರ್ಚಿನ ಮೆಟ್ಟಿಲನ್ನು ನಾನು ಒಮ್ಮೆಯೂ ಹತ್ತಿಲ್ಲ. ಆದರೂ ಬಾಗಿಲಿಗೆ ಐದು ಮೆಟ್ಟಿಲಿವೆ, ಮೂರನೆಯದರ ಅಂಚು ಒಡೆದಿದೆ ಎಂಬುದು ಗೊತ್ತು. ಲಂಡನ್ನಿನ ಕಿಂಗ್ಸ್‌ಬರಿಯ ನಮ್ಮ ಪಕ್ಕದ ಮನೆಯ ಮಹಡಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿರುವ ಫಿಲಿಪೀನ್ಸಿನ ನರ್ಸಿನ ಊರಿನ ಚರ್ಚು ಅದು. ಅವಳ ಮಂಚದ ಮೇಲಿನ ಕ್ಯಾಲೆಂಡರಿನಲ್ಲಿ ಅದರ ಚಿತ್ರವಿತ್ತು. ಸ್ಪೇನಿನವರು ಆಳುವ ಕಾಲದಲ್ಲಿ ಕಟ್ಟಿಸಿದ್ದು. ಕೋಟೆಯಂಥ ದಪ್ಪ ಗೋಡೆ, ಮೈತುಂಬ ಕಲ್ಲಿನ ಬಳ್ಳಿ, ಗೂಡುಗೂಡಿನಲ್ಲಿ ಸಂತರು. ಮೊದಲ ಸಲ ನೋಡಿದಾಗ, "ನಮ್ಮ ಕಡೆ ಗುಡಿಗಳಿಗೂ ಹೀಗೇ ಕೆತ್ತಿರ್ತಾರೆ" ಅಂದಿದ್ದೆ.

"ಕೆತ್ತಿದವರು ನಮ್ಮವರೇ ಅಕ್ಕ. ಸ್ಪೇನಿನವರು ನೆರಳಲ್ಲಿ ನಿಂತು ನೋಡಿದ್ದಷ್ಟೇ" ಅಂದಿದ್ದಳು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ. 'ಅಕ್ಕ' ಎಂಬುದೊಂದನ್ನು ಮಾತ್ರ ನಾನು ಕಲಿಸಿದ್ದೆ.

ಜೂನಿನಲ್ಲಿ ಅವಳ ತಾಯಿ ಊರಲ್ಲಿ ತೀರಿಕೊಂಡರು. ಇವಳು ವೀಸಾ ಮುಂದುವರಿಸಲು ಅರ್ಜಿ ಹಾಕಿ ಕಾಯುತ್ತಿದ್ದಳು. ತೀರ್ಮಾನ ಬರುವ ಮೊದಲೇ ದೇಶ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ, ಅದರೊಂದಿಗೆ ಕೆಲಸವೂ. ಹೋಗುವಂತಿರಲಿಲ್ಲ.

ಸುದ್ದಿ ಕೇಳಿದ ಸಂಜೆಯೇ ಡಬ್ಬಿಯಲ್ಲಿ ಅನ್ನ, ಸಾರು ಹಾಕಿಕೊಂಡು ಮಗಳೊಂದಿಗೆ ಹೋದೆ. ಅವಳ ಪಕ್ಕದಲ್ಲಿ ಮಂಚದ ಮೇಲೆ ಅರ್ಧ ಗಂಟೆ ಕೂತೆ. ಆಮೇಲೆ ಎದ್ದವಳೇ ಒಂದು ಮಾತೂ ಆಡದೆ ಮೆಟ್ಟಿಲಿಳಿದು ಬಂದುಬಿಟ್ಟೆ. ಧಾರವಾಡದಲ್ಲಿ ನಾನು ಕಲಿತದ್ದು ಹಾಗೆಯೇ. ಸಾವಿನ ಮನೆಯಿಂದ ಹೊರಡುವಾಗ 'ಹೋಗಿ ಬರ್ತೀನಿ' ಅನ್ನಬಾರದು. ಅಂದರೆ ಇಂಥದ್ದಕ್ಕೇ ಮತ್ತೆ ಬರುತ್ತೇನೆ ಎಂದಂತಾಗುತ್ತದೆ. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ಕಾಲಿಗೆ ಆ ಅಭ್ಯಾಸ ಹೋಗಿಲ್ಲ.

"ಅಮ್ಮ, ದಟ್ ವಾಸ್ ಸೋ ರೂಡ್" ಅಂದಳು ಮಗಳು, ರಸ್ತೆಗೆ ಬಂದ ಕೂಡಲೇ. "ಒಂದು ಬೈ ಕೂಡ ಹೇಳಲಿಲ್ಲ ನೀನು."

ನನಗೆ ಚುಚ್ಚಿದ್ದು ಬೇರೆ. ಒಂದು ಕಪ್ ಚಹಾಕ್ಕೆ ಎರಡು ಸಲ ಥ್ಯಾಂಕ್ಯೂ ಹೇಳುವ ಆ ನರ್ಸ್ ಹುಡುಗಿ ಅಂದು ಒಂದು ಸಲವೂ ಹೇಳಿರಲಿಲ್ಲ. ಕೆಳಗಿನ ಬಾಗಿಲ ತನಕ ಬಂದು ಬೀಳ್ಕೊಡುವವಳು ಮಂಚ ಬಿಟ್ಟು ಎದ್ದಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನೋಡಿದರೆ, ತೊಳೆದ ಡಬ್ಬಿ ನಮ್ಮ ಬಾಗಿಲ ಹಿಡಿಗೆ ಚೀಲದಲ್ಲಿ ನೇತಾಡುತ್ತಿತ್ತು. ಬೆಲ್ ಕೂಡ ಒತ್ತಿರಲಿಲ್ಲ. ಏನೋ ತಪ್ಪು ಮಾಡಿದೆ ಅಂದುಕೊಂಡು ನಾನು ಆ ಕಡೆ ಹೋಗಲೇ ಇಲ್ಲ.

ಅವರಲ್ಲಿ ದೇಹವನ್ನು ವಾರಕ್ಕೂ ಹೆಚ್ಚು ಮನೆಯಲ್ಲಿಟ್ಟು ಆಮೇಲೆ ಮಣ್ಣು ಮಾಡುತ್ತಾರಂತೆ. ಎಂಟನೆಯ ದಿನ ಅವಳ ಮೆಸೇಜು ಬಂತು: ನಾಳೆ ಬೆಳಿಗ್ಗೆಗೆ ನಿಮ್ಮ ಟ್ಯಾಬ್ಲೆಟ್ ಕೊಡುತ್ತೀರಾ, ನನ್ನ ಫೋನಿನಲ್ಲಿ ಮುಖ ಸರಿಯಾಗಿ ಕಾಣುವುದಿಲ್ಲ.

ಆರೂವರೆಗೆ ಹೋದೆ. ಅಲ್ಲಿ ಮಧ್ಯಾಹ್ನ ಒಂದೂವರೆ. ಅವಳ ತಂಗಿ ವಿಡಿಯೋ ಕಾಲ್ ಮಾಡಿ ಚರ್ಚಿನ ಮುಂದೆ ಫೋನ್ ಹಿಡಿದಿದ್ದಳು. ಒಳಗೆ ಪೂಜೆ ನಡೆದಿದೆ, ಪಾದ್ರಿಗಳು ಫೋನ್ ಬೇಡ ಅಂದಿದ್ದಾರೆ. ಮುಗಿದ ಮೇಲೆ ಪೆಟ್ಟಿಗೆಯನ್ನು ಬಾಗಿಲಾಚೆ ತಂದು, ಕೊನೆಯ ಬಾರಿ ಮುಚ್ಚಳ ತೆರೆದು, ಮತ್ತೆ ಮುಚ್ಚುತ್ತಾರೆ. ತಾಯಿಯ ಮುಖ ಇವಳಿಗೆ ಕಾಣುವುದು ಆ ಎರಡು ನಿಮಿಷ ಮಾತ್ರ.

ಕಾದೆವು. ಒಳಗೆ ಹಿಡಿಸದ ಜನ ಹೊರಗೆ ಸೇರುತ್ತಲೇ ಇದ್ದರು. ಬಿಸಿಲಿಗೆ ಎಲ್ಲರ ಕೈಯಲ್ಲೂ ಕೊಡೆ. ಯಾರೋ ನೀರಿನ ಬಾಟಲಿ ಹಂಚುತ್ತಿದ್ದರು, ಯಾರೋ ನಗುತ್ತಿದ್ದರು. ಕಲ್ಲಿನ ಸಂತರ ತಲೆಯ ಮೇಲೆ ಪಾರಿವಾಳ.

"ಅಕ್ಕ, ಅವತ್ತು ನೀವು ಹೇಳದೇ ಹೋದಿರಿ" ಅಂದಳು, ತೆರೆಯಿಂದ ಕಣ್ಣು ತೆಗೆಯದೆ. "ಕೋಣೆ ಗಲೀಜಾಗಿತ್ತು ಅಂತ ಬೇಜಾರಾಯ್ತೇನೋ ಅಂದುಕೊಂಡೆ."

ನಮ್ಮ ಪದ್ಧತಿ ಹೇಳಿದೆ. ಅವಳು ತಿರುಗಿ ನೋಡಿದಳು.

"ನಮ್ಮಲ್ಲಿ ಸತ್ತವರ ಮನೆಯವರು ಬಂದವರನ್ನು ಬಾಗಿಲ ತನಕ ಕಳಿಸಬಾರದು. ಥ್ಯಾಂಕ್ಯೂ ಅನ್ನಲೂಬಾರದು. ಅದಕ್ಕೇ ಬೆಲ್ ಒತ್ತದೆ ಡಬ್ಬಿ ಇಟ್ಟು ಬಂದೆ. ಒತ್ತಿದ್ದರೆ ಬಾಯಿಗೆ ಬಂದುಬಿಡುತ್ತಿತ್ತು."

ಅವಳ ಕೈ ಹಿಡಿದುಕೊಂಡೆ.

ಅಷ್ಟರಲ್ಲಿ ಗಂಟೆ ಹೊಡೆಯಿತು. ಬಿಳಿ ಪೆಟ್ಟಿಗೆ ಬಾಗಿಲು ದಾಟಿ ಮೆಟ್ಟಿಲ ಮೇಲೆ ನಿಂತಿತು. ಜನ ಒಮ್ಮೆಗೇ ಮುಂದೆ ನುಗ್ಗಿದರು. ತೆರೆಯ ತುಂಬ ಕೊಡೆಗಳೇ, ಕೆಂಪು, ನೀಲಿ, ಹೂವಿನ ಚಿತ್ತಾರದವು. ತಂಗಿ ಕುಳ್ಳಿ, ಕೈ ಎತ್ತಿದರೂ ಕೊಡೆಯ ಬೆನ್ನು ಬಿಟ್ಟು ಬೇರೇನೂ ಕಾಣದು. "ಮೇಲೆ, ಇನ್ನೂ ಮೇಲೆ" ಎಂದು ಇವಳು ಅವರ ಭಾಷೆಯಲ್ಲಿ ಹೇಳುತ್ತಿದ್ದಳು ಅಂತ ಕೈಸನ್ನೆಯಿಂದಲೇ ತಿಳಿಯಿತು. ತಂಗಿ ಅಳುತ್ತಾ ಏನೋ ಅಂದಳು; ಮುಚ್ಚಳ ತೆರೆದರಂತೆ ಎಂದು ಇವಳು ನನಗೆ ಹೇಳಿದಳು. ನಮಗೆ ಕಂಡದ್ದು ಒಂದು ನೀಲಿ ಕೊಡೆ.

ಆಗ ಒಬ್ಬ ಮುದುಕಿಯ ಮುಖ ಫೋನಿನ ಹತ್ತಿರ ಬಂತು. ಏನೋ ಕೇಳಿದಳು. ತಂಗಿಯ ಉತ್ತರದಲ್ಲಿ ನನಗೆ ತಿಳಿದದ್ದು 'ಲಂಡನ್' ಎಂಬುದೊಂದೇ. ಮುದುಕಿ ಜನರ ಕಡೆ ತಿರುಗಿ ಗದರಿದಳು. ನೀಲಿ ಕೊಡೆ ಮಡಚಿಕೊಂಡಿತು. ಅದರ ಮುಂದಿನದೂ ಮಡಚಿಕೊಂಡಿತು. ಆಮೇಲೆ ಒಂದೊಂದಾಗಿ ಮೆಟ್ಟಿಲ ತನಕ ಎಲ್ಲವೂ. ಆ ಉರಿಬಿಸಿಲಿನಲ್ಲಿ ಅಷ್ಟೂ ಜನ ಬರಿತಲೆಯಲ್ಲಿ ಎರಡು ಕಡೆ ಸರಿದು ನಿಂತರು, ತಂಗಿ ನಡುವೆ ನಡೆದು ಹೋದಳು, ಆ ಒಡೆದ ಮೆಟ್ಟಿಲು ದಾಟಿ.

ಮುಖ ಕಂಡಿತು. ಚಿಕ್ಕ ಮುಖ. ಇವಳದ್ದೇ ಮೂಗು.

"ಲಿಪ್‌ಸ್ಟಿಕ್ ಹಚ್ಚಿದ್ದಾರೆ" ಅಂದಳು ಇಂಗ್ಲಿಷಿನಲ್ಲಿ, ನನಗಾಗಿ. "ಅಮ್ಮ ಜೀವಮಾನದಲ್ಲಿ ಹಚ್ಚಿದವಳಲ್ಲ." ನಕ್ಕಳು. ಎಂಟು ದಿನದ ಅಳು ಆಗ ಬಂತು. ಆಮೇಲೆ ತೆರೆಯ ಮೇಲೆ ಎರಡು ಬೆರಳಿಟ್ಟು ಏನೋ ಹೇಳಿಕೊಂಡಳು. ನಾನು ಕೇಳಲಿಲ್ಲ ಏನೆಂದು.

ಮುಚ್ಚಳ ಮುಚ್ಚಿದರು. ಜನ ಮತ್ತೆ ಕೊಡೆ ಬಿಚ್ಚಿ ಪೆಟ್ಟಿಗೆಯ ಹಿಂದೆ ನಡೆದರು. ಚರ್ಚಿನ ಮುಂದೆ ಖಾಲಿ ನೀರಿನ ಬಾಟಲಿಗಳು ಉಳಿದವು.

ಸ್ವಲ್ಪ ಹೊತ್ತಾದ ಮೇಲೆ ಟ್ಯಾಬ್ಲೆಟ್ ಅವಳ ಬಳಿಯೇ ಬಿಟ್ಟು ಎದ್ದೆ. ಏನೂ ಹೇಳಲಿಲ್ಲ. ಅವಳೂ ಏಳಲಿಲ್ಲ.

ಮನೆಗೆ ಬಂದವಳೇ ಟವೆಲ್ ತೆಗೆದುಕೊಂಡು ಬಚ್ಚಲಿಗೆ ನಡೆದೆ. ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದ ನಮ್ಮ ಮನೆಯವರು ತಲೆಯೆತ್ತಿದರು.

"ಟ್ಯಾಬ್ಲೆಟ್‌ನ್ಯಾಗ ನೋಡಿದ್ದಕ್ಕೂ ಸ್ನಾನ ಮಾಡ್ಬೇಕೇನು?"

"ಮಣ್ಣಿಗೆ ಹೋಗಿ ಬಂದೀನ್ರಿ" ಅಂದೆ.

ಅವರು ಚಾಕು ಕೆಳಗಿಟ್ಟು ನೀರು ಬಿಸಿಯಿದೆಯೋ ಎಂದು ನೋಡಲು ಎದ್ದರು.