ನೀಲಿ ಟೋಪಿಗಳ ಬೆನ್ನು ಹತ್ತಿದ ವಿಷಕ್ಕ

ಬೆಟ್ಟದ ನೆತ್ತಿಗೆ ಬಿಸಿಲು ಇನ್ನೂ ಮುಟ್ಟಿಲ್ಲ. ಇಬ್ಬನಿಗೆ ತೊಯ್ದ ಹುಲ್ಲಿನ ನಡುವೆ ಮಂಡಿಯೂರಿ ಕುಳಿತ ಹೆಂಗಸೊಬ್ಬರು ಒಂದೇ ಒಂದು ಎಲೆಯನ್ನು ದಿಟ್ಟಿಸುತ್ತಿದ್ದಾರೆ. ಮೊಣಕೈವರೆಗೆ ತೊಗಲಿನ ಕೈಗವಸು, ಪಕ್ಕದಲ್ಲಿ ಮೊನಚು ಬಾಯಿಯ ಕಿರುಗುದ್ದಲಿ, ಬೆನ್ನಿಗೆ ಬುಟ್ಟಿ. ಕನ್ನಡಕ ಹಾಕುತ್ತಾರೆ, ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ. ಹಾಕಿದರೆ ಎಲೆ ಸ್ಪಷ್ಟ, ಆದರೆ ಬೆಟ್ಟವೇ ತೇಲುತ್ತದೆ. ತೆಗೆದರೆ ಬೆಟ್ಟ ನೆಟ್ಟಗೆ ನಿಲ್ಲುತ್ತದೆ, ಎಲೆ ಮಂಜಾಗುತ್ತದೆ.

"ಇದು ಅದೇನಾ, ಅಲ್ವಾ? ಹೋದ ವರ್ಷ ಆಗಿದ್ರೆ ಕಾಲಲ್ಲಿ ಮುಟ್ಟಿ ಹೇಳ್ತಿದ್ದೆ. ಈಗ ನೋಡಿದಷ್ಟೂ ಗೊಂದಲ."

ಊರಿನವರ ಬಾಯಲ್ಲಿ ಇವರು ವಿಷಕ್ಕ. ಕೋಪದಿಂದ ಇಟ್ಟ ಹೆಸರಲ್ಲ, ಸಲುಗೆಯಿಂದ ಬಂದದ್ದು. ಕೆಳಗಿನ ಊರಿನ ಕುರಿಮಂದೆಗಳು ಮೇಲಿನ ಹುಲ್ಲುಗಾವಲಿಗೆ ಹತ್ತುವ ಮೊದಲು, ಅಲ್ಲಿ ಚಿಗುರಿರುವ ವಿಷದ ಗಿಡವನ್ನು ಬೇರುಸಹಿತ ಕಿತ್ತು ಸುಡುವುದು ಇವರ ಕೆಲಸ. ಪುಸ್ತಕದವರು ಅದನ್ನು ವತ್ಸನಾಭಿ ಎನ್ನುತ್ತಾರೆ. ಹೂವು ಮುಸುಕು ಹಾಕಿಕೊಂಡ ತಲೆಯಂತಿರುವುದರಿಂದ ಇಲ್ಲಿನವರಿಗೆ ಅದು ನೀಲಿ ಟೋಪಿ. ನೋಡಲು ಬಲು ಚೆಂದ. ಅದರ ಗಡ್ಡೆಯ ಚೂರು ಹೊಟ್ಟೆಗೆ ಹೋದರೆ ತುಟಿ ಜೋಮು ಹಿಡಿಯುತ್ತದೆ, ಕಾಲು ಸೋಲುತ್ತದೆ, ಕೊನೆಗೆ ಎದೆಬಡಿತವೇ ದಾರಿ ತಪ್ಪುತ್ತದೆ. ಪಕ್ಕದಲ್ಲೇ ಅರಳುವ ಹಳದಿ ಬಟ್ಟಲ ಹೂವೂ ಇದರ ಕುಟುಂಬದ್ದೇ. "ಅದು ಬಾಯಿ ಸುಡುತ್ತೆ, ಅಷ್ಟೇ. ಇದು ಮನೆ ಹಾಳು ಮಾಡುತ್ತೆ. ಎಲ್ಲರ ಮನೇಲೂ ಇಂಥದ್ದೊಂದು ಇರುತ್ತಲ್ಲ," ಎಂದು ವಿಷಕ್ಕ ನಗುತ್ತಾರೆ. ಆ ನಗು ತುಟಿಯಿಂದ ಮೇಲಕ್ಕೆ ಹೋಗುವುದಿಲ್ಲ.

ಕೆಲಸ ಕಲಿಸಿದವರು ಅತ್ತೆ. ಹೂವು ಬಿಟ್ಟ ಮೇಲಾದರೆ ಮಗುವೂ ಗುರುತಿಸೀತು. ಆದರೆ ಕೀಳಬೇಕಾದದ್ದು ಎಳೆಯದರಲ್ಲೇ. ಬಲಿತ ಗಿಡವನ್ನು ಕುರಿ ಮೂಸಿ ಬಿಟ್ಟುಬಿಡುತ್ತದೆ. ಆದರೆ ಚಳಿಗಾಲವೆಲ್ಲ ಒಣಹುಲ್ಲು ಅಗಿದು ಬೇಸತ್ತು ಬಂದ ಕುರಿ ಎಳೆ ಹಸಿರು ಕಂಡರೆ ಹಿಂದೆಮುಂದೆ ನೋಡುವುದಿಲ್ಲ. ಸಾಲದ್ದಕ್ಕೆ, ಅದೇ ಇಳಿಜಾರಿನಲ್ಲಿ ಅಂಥದ್ದೇ ಸೀಳೆಲೆಯ ಸಾಧು ಗಿಡವೊಂದಿದೆ. ಅದರ ದಂಟಿನ ಮೇಲೆ ನವಿರಾದ ರೋಮವಿರುತ್ತದೆ, ನೀಲಿ ಟೋಪಿಯದ್ದು ನುಣುಪು. ಮಣ್ಣಿನೊಳಗೆ ಎರಡು ಗಡ್ಡೆ: ಈ ವರ್ಷದ್ದು ತಾಯಿ, ಮುಂದಿನ ವರ್ಷದ್ದು ಮಗಳು. ತಾಯಿಯನ್ನು ಕಿತ್ತು ಮಗಳನ್ನು ಬಿಟ್ಟರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

"ನಮ್ಮತ್ತೆ ಹೇಳೋರು, ಸೊಸೆಯನ್ನ ನೋಡೋ ಹಾಗೆ ನೋಡು, ತಪ್ಪು ತಾನಾಗೇ ಕಾಣುತ್ತೆ ಅಂತ."

ಕಷ್ಟ ಇಲ್ಲವೆಂದಲ್ಲ. ಗವಸಿನ ಹೊಲಿಗೆ ಬಿಟ್ಟ ದಿನ ಬೆರಳು ಸಂಜೆಯವರೆಗೆ ಜೋಮು. ಮನೆಗೆ ಬಂದರೆ ಹೊರಗಿನ ನಲ್ಲಿಯಲ್ಲಿ ಕೈಕಾಲು ತಿಕ್ಕಿ ತೊಳೆಯದೆ ಬಾಗಿಲು ಮುಟ್ಟುವ ಹಾಗಿಲ್ಲ. ಮದುವೆ ಮನೆಯಲ್ಲಿ ಬಡಿಸಲು ಯಾರೂ ಕರೆಯುವುದಿಲ್ಲ. "ಅದೊಂದು ಲಾಭವೇ. ಕೂತು ಉಣ್ಣೋದಷ್ಟೇ ನನ್ನ ಕೆಲಸ," ಎನ್ನುತ್ತಾರೆ.

ಇಂಥ ವಿಷಕ್ಕ ಈಗ ತಮ್ಮ ಕಣ್ಣನ್ನೇ ನಂಬುತ್ತಿಲ್ಲ. ಈ ಸಲ ಹಿಮ ತಡವಾಗಿ ಕರಗಿ ಗಿಡವೂ ತಡವಾಗಿ ಎದ್ದಿತು. ಇವರು ಕೆಳಗಿನ ಇಳಿಜಾರನ್ನು ಮುಗಿಸಿ ‘ಇಷ್ಟು ಜಾಗ ಶುದ್ಧ’ ಎಂದ ಕೂಡಲೇ ಇವರ ಮೈದುನ ತಮ್ಮ ಕುರಿಮಂದೆಯನ್ನು ಹತ್ತಿಸಿದರು. ಅದೇ ಸಂಜೆ ಅವರ ಗಂಟೆ ಕುರಿ ಸತ್ತಿತು. ಕೊರಳಲ್ಲಿ ಗಂಟೆ ಕಟ್ಟಿಕೊಂಡು ಇಡೀ ಮಂದೆಯನ್ನು ಮುನ್ನಡೆಸುತ್ತಿದ್ದ ಕುರಿ. ಬಾಯಲ್ಲಿ ನೊರೆ, ಕಾಲು ಸೆಳೆತ. ನೋಡಿದವರಿಗೆಲ್ಲ ಗೊತ್ತಾಯಿತು ಇದು ನೀಲಿ ಟೋಪಿಯೇ ಎಂದು.

ಮೈದುನ ಅದರ ಕೊರಳಿನ ಗಂಟೆ ಬಿಚ್ಚಿಕೊಂಡು ಮನೆಗೆ ಹೋದರು. ಬೈದಿದ್ದರೆ ವಾಸಿಯಿತ್ತು ಎನ್ನುತ್ತಾರೆ ವಿಷಕ್ಕ. ಮಗಳು ಹಟ ಹಿಡಿದು ಪೇಟೆಗೆ ಕರೆದೊಯ್ದು ಕನ್ನಡಕ ಕೊಡಿಸಿದಳು. ಅಂದಿನಿಂದ ಇವರು ಅದೇ ಇಳಿಜಾರನ್ನು ಕಣ್ಣಲ್ಲಿ ಕಣ್ಣಿಟ್ಟು ಮತ್ತೆ ಮತ್ತೆ ಜಾಲಾಡುತ್ತಿದ್ದಾರೆ. ಬಿಟ್ಟುಹೋದ ಗಿಡವಿಲ್ಲ, ಕಚ್ಚಿದ ದಂಟಿಲ್ಲ, ಮಣ್ಣಲ್ಲಿ ಉಳಿದ ಮರಿಗಡ್ಡೆಯೂ ಇಲ್ಲ. ಕೆಳಗೆ ಬೇರೆಯವರ ಮಂದೆಗಳೆಲ್ಲ ಕಾಯುತ್ತಿವೆ, ಒಣಹುಲ್ಲಿನ ಬಣವೆ ತಳ ಕಂಡಿದೆ. ಇವರ ಬಾಯಿಂದ ‘ಶುದ್ಧ’ ಎಂಬ ಮಾತು ಹೊರಡದೆ ಯಾರೂ ಹತ್ತುವಂತಿಲ್ಲ.

"ಗಿಡ ಸಿಕ್ಕಿದ್ರೆ ನನ್ನ ಕಣ್ಣು ಹೋಗಿದೆ ಅಂತ ಗುದ್ದಲಿ ಕೆಳಗಿಡ್ತೀನಿ. ಸಿಗಲಿಲ್ಲ ಅಂದ್ರೆ ಕುರಿ ಯಾಕೆ ಸತ್ತಿತು? ಸಿಗಲಿ ಅಂತ ಬೇಡ್ಕೊಳ್ಳಲೋ, ಸಿಗದೇ ಇರಲಿ ಅಂತ ಬೇಡ್ಕೊಳ್ಳಲೋ? ತಲೆ ಕೆಟ್ಟು ಹೋಗಿದೆ."

ಕೈಯಲ್ಲಿದ್ದ ಎಲೆಯ ದಂಟನ್ನು ಕೊನೆಗೆ ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಾರೆ. ರೋಮ ಇದೆ. ಸಾಧು ಗಿಡ. ಬುಟ್ಟಿಯಲ್ಲಿ ಇಂಥ ನಿರಪರಾಧಿಗಳು ಇನ್ನೂ ಎಷ್ಟೋ ಇವೆ. ಅನುಮಾನ ಬಂದದ್ದನ್ನೆಲ್ಲ ಕಿತ್ತು ಹಾಕಿದ್ದಾರೆ. ಹಗ್ಗವೆಲ್ಲ ಹಾವಾಗಿ ಕಾಣುವ ಹೊತ್ತು.

ಇಳಿಜಾರಿನ ತುದಿಯಲ್ಲಿ ಚಪ್ಪಟೆ ಬಂಡೆಯೊಂದಿದೆ. ಕಿತ್ತ ಗಿಡವನ್ನು ಮಣ್ಣಿನ ಮೇಲೆ ಬಿಟ್ಟರೆ ಮತ್ತೆ ಬೇರು ಬಿಡುತ್ತದೆ, ಹಸಿಯಾಗಿ ಬೆಂಕಿಗೆ ಹಾಕಿದರೆ ಹೊತ್ತುವುದಿಲ್ಲ. ಹಾಗಾಗಿ ಅತ್ತೆಯ ಕಾಲದಿಂದಲೂ ಅವು ಒಣಗುವುದು ಈ ಬಂಡೆಯ ಮೇಲೆ. ಒಣಗಿದ್ದನ್ನು ಹೊತ್ತು ಗುಂಡಿಗೆ ಹಾಕಿ ಸುಟ್ಟರೆ ಕೆಲಸ ಮುಗಿಯಿತು. ಈಗಲೂ ವಿಷಕ್ಕ ಬುಟ್ಟಿಯನ್ನು ಬಂಡೆಯ ಮೇಲೆ ಬೋರಲು ಹಾಕುತ್ತಾರೆ. ಒಂದು ಗಿಡ ಜಾರಿ ಬಂಡೆಯ ಅಂಚಿನ ಬಿರುಕಿಗೆ ಬೀಳುತ್ತದೆ. ತೆಗೆಯಲು ಬಗ್ಗಿದವರು ಬಗ್ಗಿದಲ್ಲೇ ನಿಲ್ಲುತ್ತಾರೆ.

ಬಿರುಕಿನೊಳಗೆ ಮಳೆ ತಾಗದ ಜಾಗದಲ್ಲಿ ಏನೋ ಬೆಳ್ಳಗೆ ಗಟ್ಟಿಯಾಗಿ ಕೂತಿದೆ. ಗುದ್ದಲಿ ಮೊನೆಯಿಂದ ಎಬ್ಬಿಸಿ ಕನ್ನಡಕದ ಹತ್ತಿರ ತರುತ್ತಾರೆ. ಉಪ್ಪು. ಉಪ್ಪಿನೊಳಗೆ ಕಪ್ಪು ಬೇರಿನ ಪುಡಿ.

"ಇಲ್ಲಿ ಉಪ್ಪು ಯಾಕಿದೆ?" ಎಂದು ಬಂಡೆಯನ್ನೇ ಕೇಳುತ್ತಾರೆ. ಆಮೇಲೆ ನಿಧಾನವಾಗಿ ಅಲ್ಲೇ ಕುಳಿತುಬಿಡುತ್ತಾರೆ. ಕುರಿಗಳಿಗೆ ನೆಕ್ಕಲು ಕೊಡುವ ಉಪ್ಪನ್ನು ಹುಲ್ಲಿನ ಮೇಲೆ ಸುರಿಯುತ್ತಾರೆಯೇ? ಚೊಕ್ಕ ಬಂಡೆಯೇ ಬೇಕು.

ವಿಷಕ್ಕ ಎದ್ದು ನೇರವಾಗಿ ಮೈದುನನ ಕೊಟ್ಟಿಗೆಗೆ ಇಳಿಯುತ್ತಾರೆ. ಮೈದುನ ಉಣ್ಣೆ ಕತ್ತರಿಸುತ್ತಿದ್ದಾರೆ. ಗೋಡೆಯ ಮೊಳೆಯಲ್ಲಿ ಆ ಕುರಿಯ ಗಂಟೆ ನೇತಾಡುತ್ತಿದೆ.

"ಉಪ್ಪು ಎಲ್ಲಿ ಹಾಕ್ತೀಯ ನೀನು?"

"ಚಪ್ಪಟೆ ಬಂಡೆ ಮೇಲೆ, ಅತ್ತಿಗೆ. ಯಾವಾಗಲೂ ಅಲ್ಲೇ."

"ಅವತ್ತೂ ಹಾಕಿದ್ಯಾ?"

"ಹಾಕಿದ್ದೆ. ಗಂಟೆ ಕುರಿಯೊಂದೇ ಎರಡು ಸಲ ನೆಕ್ಕಿತು, ಬೇರೆಯವನ್ನ ಹತ್ತಿರ ಸೇರಿಸಲಿಲ್ಲ. ಅಷ್ಟರಲ್ಲಿ ಮಳೆ ಬಂತು, ಇಳಿಸಿಕೊಂಡು ಬಂದೆ. ಯಾಕೆ?"

ವಿಷಕ್ಕ ಉಪ್ಪಿನ ಗಟ್ಟಿಯನ್ನು ಕೈಗವಸಿನಲ್ಲೇ ಚಾಚುತ್ತಾರೆ. "ನಾನು ನೀಲಿ ಟೋಪಿ ಒಣಗಿಸೋದು ಆ ಬಂಡೆ ಮೇಲೇ ಕಣೋ. ಅವತ್ತು ಬೆಳಗ್ಗೆ ಎತ್ಕೊಂಡು ಹೋಗಿದ್ದೆ. ಪುಡಿ ಗುಡಿಸಿರಲಿಲ್ಲ."

ಬೇರೆ ವರ್ಷಗಳಲ್ಲಿ ಇವರ ಕೆಲಸ ಮುಗಿದು, ನಾಲ್ಕು ಮಳೆ ಬಿದ್ದು ಬಂಡೆ ತೊಳೆದ ಮೇಲಷ್ಟೇ ಮಂದೆ ಹತ್ತುತ್ತಿತ್ತು. ತಡವಾಗಿ ಕರಗಿದ ಹಿಮ ಇಬ್ಬರನ್ನೂ ಒಂದೇ ದಿನ ಆ ಬಂಡೆಗೆ ತಂದಿತು. ಒಂದೇ ಜಗಲಿಯಲ್ಲಿ ಕೂತು ಎಷ್ಟೋ ವರ್ಷ ಹರಟಿದ ಅತ್ತಿಗೆ ಮೈದುನ ಊರಿನ ಸುದ್ದಿಯೆಲ್ಲ ಆಡಿದ್ದಾರೆ, ಬಂಡೆಯ ಸುದ್ದಿಯೊಂದನ್ನು ಬಿಟ್ಟು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಮೈದುನ ಕತ್ತರಿ ಕೆಳಗಿಡುತ್ತಾರೆ. "ಉಪ್ಪು ಹಾಕಿದ್ದು ನಾನಲ್ವಾ ಅತ್ತಿಗೆ."

"ವಿಷ ಬಿಟ್ಟಿದ್ದು ನಾನು."

"ಬಂಡೆ ಒರೆಸಿ ಹಾಕಬೇಕಿತ್ತು ನಾನು."

"ಸುಮ್ನಿರೋ! ಇದರಲ್ಲೂ ಪಾಲು ಕೇಳ್ತೀಯಲ್ಲ," ಎಂದು ಗದರುತ್ತಾರೆ ವಿಷಕ್ಕ. ಎಷ್ಟೋ ದಿನಗಳ ಮೇಲೆ ಮೈದುನನ ಮುಖದಲ್ಲಿ ನಗು ಬರುತ್ತದೆ. ವಿಷಕ್ಕನ ಕಣ್ಣಲ್ಲಿ ಬರುವುದು ನೀರು. ಗವಸಿನ ಕೈಯಲ್ಲಿ ಒರೆಸಿಕೊಳ್ಳುವಂತಿಲ್ಲ, ಅದು ಕೆನ್ನೆಯ ಮೇಲೆ ಹಾಗೇ ಇಳಿಯುತ್ತದೆ.

ಹೊರಗೆ ಬಂದು ನಲ್ಲಿಯಲ್ಲಿ ಕೈ ತೊಳೆಯುತ್ತಾರೆ. ಮಂದೆಯವರಿಗೆಲ್ಲ ‘ಇಳಿಜಾರು ಶುದ್ಧ, ಬಂಡೆಯ ಹತ್ತಿರ ಮಾತ್ರ ಹೋಗಬೇಡಿ’ ಎಂದು ಹೇಳಿಕಳಿಸಿ ಆಗಿದೆ. ನಿಮಗೇನು ಬೇಕು ಎಂದು ನಾವು ಕೇಳಿದರೆ ಒದ್ದೆ ಕೈ ಕೊಡವುತ್ತಾ ಹೇಳುತ್ತಾರೆ.

"ಒಂದು ಬೇರೆ ಬಂಡೆ. ಇದು ಇವಳದ್ದು, ಇಲ್ಲಿ ಏನೂ ಇಡಬಾರದು ಅಂತ ಎಲ್ಲರಿಗೂ ಗೊತ್ತಿರೋ ಬಂಡೆ. ಅಷ್ಟು ಸಾಕು."

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ. ಬೆಟ್ಟದ ಕಡೆ ನೋಡುತ್ತಾರೆ.

"ಆ ಇಳಿಜಾರಲ್ಲಿ ನಾನು ಒಂದು ಗಿಡವನ್ನೂ ಬಿಟ್ಟಿರಲಿಲ್ಲ, ನೋಡಿದ್ರಲ್ಲ. ಒಂದನ್ನೂ. ಅದಕ್ಕೆ ಹೆಮ್ಮೆ ಪಡಬೇಕೋ ಅಳಬೇಕೋ ನಂಗಂತೂ ತಿಳೀತಿಲ್ಲ. ಪೇಪರಿನವರು ನೀವು, ನಿಮಗೆ ತಿಳಿದ್ರೆ ಬರ್ಕೊಳ್ಳಿ."