ಗಂಗೆಯಲ್ಲಿ ಬಿಟ್ಟು ಬಂದದ್ದು

ನಮ್ಮ ದತ್ತಣ್ಣನಿಗೆ ಕೂತಲ್ಲಿ ಕೂಡ್ರುವುದೆಂದರೆ ಆಗುತ್ತಿರಲಿಲ್ಲ. ಊಟಕ್ಕೆ ಕೂತರೆ ಎಡಗಾಲು ತಾನಾಗಿಯೇ ಕುಣಿಯುತ್ತಿತ್ತು. ಸಂಧ್ಯಾವಂದನೆಗೆ ಕೂತರೆ ಅರ್ಘ್ಯ ಬಿಡುವ ಮೊದಲೇ ಎದ್ದು ಕಿಟಕಿಯಲ್ಲಿ ಇಣುಕಿ ಬರುತ್ತಿದ್ದ. ಜಮಖಂಡಿಯ ಕಚೇರಿಯಲ್ಲಿ ಅವನು ಕಾರಕೂನ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲೂ ಕುರ್ಚಿ ಅದೇ ಇತ್ತು, ಸಾಹೇಬರು ಮಾತ್ರ ಬದಲಾಗಿದ್ದರು. ಮುಧೋಳಕ್ಕೆ ಟಪಾಲು ಒಯ್ಯಬೇಕೆಂದು ಯಾರಾದರೂ ಅಂದರೆ ಸಾಕು, ಸಿಪಾಯಿಗಿಂತ ಮೊದಲು ಇವನು ಎದ್ದು ನಿಲ್ಲುತ್ತಿದ್ದ. ಒಮ್ಮೆ ಧೋತರ ತರಲು ಬನಹಟ್ಟಿಗೆ ಹೋದವನು ಧೋತರ ಮರೆತು ನೂಲಿನ ಲಡಿಯೊಂದನ್ನು ಹಿಡಿದುಕೊಂಡು ಬಂದ. ಆ ನೂಲು ಯಾತಕ್ಕೆಂದು ಆಗ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ನಾನು ಅವನ ತಂಗಿ ಕುಮುದಿನಿ. ನನ್ನನ್ನು ಅದೇ ಓಣಿಯಲ್ಲಿ ಕೊಟ್ಟಿದ್ದರಿಂದ ದೀಪ ಹಚ್ಚುವ ಹೊತ್ತಿಗೆ ದಿನಾಲೂ ತವರಿಗೆ ಹೋಗಿಬರುತ್ತಿದ್ದೆ. ಆ ಮನೆಯಲ್ಲಿ ಇದ್ದವರು ಇಬ್ಬರೇ, ಅಣ್ಣ ಮತ್ತು ಅವ್ವ. ಅಣ್ಣನ ಹೆಂಡತಿ ಮೊದಲ ಬಾಣಂತನದಲ್ಲೇ ತೀರಿಕೊಂಡಿದ್ದಳು, ಕೂಸೂ ಉಳಿಯಲಿಲ್ಲ. ಮತ್ತೊಂದು ಮದುವೆಯ ಮಾತು ಬಂದಾಗಲೆಲ್ಲ ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಿದ್ದ. ನಮ್ಮವ್ವ ರಾಧಾಬಾಯಿ ಅಪ್ಪ ಹೋದಂದಿನಿಂದ ಮಡಿ ಹೆಂಗಸು. ಕೆಂಪು ಸೀರೆ, ಒಪ್ಪತ್ತು ಊಟ. ಅರಿಷಿಣ ಕುಂಕುಮಕ್ಕೆ ಅವಳನ್ನು ಯಾರೂ ಕರೆಯುವಂತಿಲ್ಲ, ಮದುವೆ ಮುಂಜಿವೆಗಳಲ್ಲಿ ಅವಳು ಎದುರಿಗೆ ಬರುವಂತಿಲ್ಲ. ಊರಿಗೆ ಊರೇ ಓಡಾಡುತ್ತಿರುವಾಗ ಅವಳು ಪಡಸಾಲೆಯ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತ ಕೂತಿರಬೇಕು. ಇದನ್ನು ನೆನೆಸಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ಹೇಳಲಾರೆ.

ಸಂಜೆ ಅಣ್ಣ ಒಳಗೆ ಕಾಲಿಟ್ಟ ಕೂಡಲೇ ಅವ್ವ ಕೇಳುವ ಮಾತು ಒಂದೇ, "ಎಲ್ಲೆ ಹೋಗಿದ್ದ್ಯೋ ದತ್ತೂ?" ಅವನು ಮಾರುತಿ ಗುಡಿಗೆ ಎನ್ನುತ್ತಿದ್ದ. ಅಷ್ಟಕ್ಕೇ ಬಿಡುತ್ತಲೂ ಇರಲಿಲ್ಲ. ಗುಡಿಯಲ್ಲಿ ಯಾರು ಸಿಕ್ಕರು, ಅವರ ಮಗಳ ಲಗ್ನ ಎಲ್ಲಿಯ ತನಕ ಬಂತು, ಪೇಟೆಯಲ್ಲಿ ಯಾರ ಎತ್ತು ಯಾರ ಅಂಗಡಿಗೆ ನುಗ್ಗಿ ಬೆಲ್ಲ ತಿಂದಿತು, ಎಲ್ಲವನ್ನೂ ಕೈಬಾಯಿ ಮಾಡಿ ಹೇಳುತ್ತಿದ್ದ. ಅವ್ವ ನಡುನಡುವೆ "ಮುಂದ?" ಅನ್ನುವಳು. ಕಾರಕೂನಕಿ ಮಾಡುವ ಬದಲು ಇವನು ಕೀರ್ತನೆ ಮಾಡಿದ್ದರೆ ಛಲೋ ಇತ್ತು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಖರೆ ಸಂಗತಿ ನನಗೆ ತಿಳಿದದ್ದು ಒಂದು ಸೀಗಿ ಹುಣ್ಣಿವೆಯ ದಿನ. ಕೆರೆಯ ಹಿಂದಿನ ನಮ್ಮ ಹೊಲವನ್ನು ಮಾಡುತ್ತಿದ್ದ ಭಾಗವ್ವ ಬೆಳೆಗೆ ಎಡೆ ಬೀರಿ ಚರಗ ಚೆಲ್ಲಲು ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಕೆರೆಗೆ ಹಳ್ಳ ಬಂದು ಸೇರುವಲ್ಲಿ ಜಾಲಿಮರದ ಕೆಳಗೆ ಒಬ್ಬ ಮನುಷ್ಯ ಗಾಳ ಹಾಕಿಕೊಂಡು ಕೂತಿದ್ದ. ಕೈಯಿಲ್ಲ ಕಾಲಿಲ್ಲ ಅನ್ನುವ ಹಾಗೆ ಕೂತಿದ್ದ. ನಾವು ಚರಗ ಚೆಲ್ಲಿ, ಉಂಡು, ಬುತ್ತಿಯ ಗಂಟು ಕಟ್ಟಿ ಹೊರಟಾಗಲೂ ಹಾಗೆಯೇ ಇದ್ದ. ಅವನು ಯಾರೆಂದು ಭಾಗವ್ವನನ್ನು ಕೇಳಿದೆ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು.

"ನಿಮ್ಮ ಅಣ್ಣಾರ ರೀ ಬಾಯಾರ. ಗುರ್ತ ಸಿಗಲಿಲ್ಲೇನ್ರಿ?"

ಗುರುತು ಹೇಗೆ ಸಿಗಬೇಕು? ನಮ್ಮಣ್ಣ ಅಲುಗದೆ ಕೂತದ್ದನ್ನು ಹುಟ್ಟಿದಾಗಿನಿಂದ ನಾನು ನೋಡಿದವಳೇ ಅಲ್ಲ.

ಹತ್ತಿರ ಹೋದ ನನ್ನನ್ನು ಕಂಡು ಅವನು ಬೆದರಿದ. ಆಮೇಲೆ ನಾನು ಬಾಯಿ ಬಿಡುವವಳಲ್ಲ ಎಂದು ನಂಬಿಕೆ ಬಂದು ಎಲ್ಲವನ್ನೂ ಹೇಳಿದ. ಇದನ್ನು ಅವನಿಗೆ ಕಲಿಸಿದವನು ಧರೆಪ್ಪ. ಹಿಪ್ಪರಗಿಯ ಹೊಳೆದಂಡೆಯಿಂದ ಬಂದು ಕೆರೆಯ ಏರಿಯ ಕೆಳಗೆ ಮನೆ ಕಟ್ಟಿಕೊಂಡಿದ್ದ. ಬನಹಟ್ಟಿಯ ನೂಲನ್ನು ಹುರಿಮಾಡಿ ಜೇನುಮೇಣ ಸವರಿದರೆ ಗಾಳದ ದಾರ, ಒಣಗಿದ ಜೋಳದ ದಂಟಿನ ತಿರುಳೇ ಬೆಂಡು. ಹುಳ ಮುಟ್ಟಲು ಅಣ್ಣನಿಗೆ ಅಸಹ್ಯ. ಅದಕ್ಕೆ ಅವ್ವ ಗೋಗ್ರಾಸಕ್ಕೆಂದು ತೆಗೆದಿಡುವ ಕಣಕದ ಉಂಡೆಯನ್ನು ಹಿತ್ತಲಿನ ಆಕಳಿಗೆ ಹಾಕುತ್ತೇನೆಂದು ಒಯ್ದು, ಇಂಗು ಕಲಸಿ ಗಾಳಕ್ಕೆ ಚುಚ್ಚುತ್ತಿದ್ದ. ಹಿಡಿದ ಮೀನೆಲ್ಲ ಧರೆಪ್ಪನ ಮನೆಗೆ. ಅವನ ಹೆಂಡತಿ ಕರೆವ್ವ ಸಾರು ಮಾಡಿ ಓಣಿಗೆಲ್ಲ ಹಂಚುತ್ತಿದ್ದಳಂತೆ. ತಿನ್ನದವನು ಯಾಕೆ ಹಿಡಿಯಬೇಕು, ಆ ಜೀವಗಳ ಪಾಪ ಯಾಕೆ ಕಟ್ಟಿಕೊಳ್ಳಬೇಕು ಎಂದು ನಾನು ಜಗಳ ತೆಗೆದೆ. ಬೆಂಡು ನೀರಿನ ಮೇಲೆ ನಿಂತಾಗ ಮೈಯೊಳಗಿನ ತುರಿಕೆ ನಿಂತುಹೋಗುತ್ತದೆ ಎಂದಷ್ಟೇ ಅಂದ.

ಅದು ವರ್ಷವಿಡೀ ನಡೆಯುವ ಆಟವೂ ಅಲ್ಲ. ಮಳೆಗಾಲದಲ್ಲಿ ಹಳ್ಳದ ಕೆಂಪು ನೀರಿಗೆ ಎದುರಾಗಿ ಮೇಲೆ ಹತ್ತಿಹೋದ ಗೆಂಡೆಮೀನುಗಳು ದಸರೆ ಮುಗಿದು ನೀರು ತಿಳಿಯಾದ ಮೇಲೆ ಕೆರೆಗೆ ಇಳಿದು ಬರುತ್ತವೆ. ನೀರಲ್ಲಿ ಮುಳುಗಿದ ಜಾಲಿಟೊಂಗೆಗಳ ಸಂದಿಯಲ್ಲಿ ಗುಂಪುಗಟ್ಟುತ್ತವೆ. ಮುಂಜಾನೆ ಥಂಡಿ ಹೆಚ್ಚಾಯಿತೆಂದರೆ ಹಳ್ಳದ ಬಾಯಲ್ಲಿನ ಮಡುವಿಗೆ ಸರಿಯುತ್ತವೆ. ಕಡಲೆ ಹೂವಾಗುವ ಹೊತ್ತಿಗೆ ಕೆರೆ ಇಳಿದು ಎಲ್ಲ ಮುಗಿಯುತ್ತದೆ. ಆ ಅಷ್ಟು ದಿನ ಅಣ್ಣ ಮನುಷ್ಯನಂತೆ ಇರುತ್ತಿದ್ದ. ಉಳಿದ ದಿನಗಳಲ್ಲಿ ಅವನ ಜತೆ ಏಗುವುದರಲ್ಲಿ ಸಾಕುಬೇಕಾಗುತ್ತಿತ್ತು.

ಮರುವರ್ಷ ಅವ್ವ ಅಪ್ಪನ ಗಯಾಶ್ರಾದ್ಧದ ಮಾತು ತೆಗೆದಳು. ದೀಪಾವಳಿ ಕಳೆದ ಮೇಲೆ ಕಾಶಿಗೂ ಗಯೆಗೂ ಹೋಗಿಬರುವುದೆಂದು ಗಟ್ಟಿಯಾಯಿತು. ಕಾಶಿಗೆ ಹೋದವರು ಗಂಗೆಯಲ್ಲಿ ನಿಂತು ತಮಗೆ ಸೇರುವುದೊಂದನ್ನು ಬಿಟ್ಟು ಬರಬೇಕು. ಬಿಟ್ಟಿದ್ದನ್ನು ಸಾಯುವ ತನಕ ಮುಟ್ಟುವಂತಿಲ್ಲ. ನಮ್ಮ ಓಣಿಯವರು ಇದರಲ್ಲಿ ಭಾಳ ಜಾಣರು. ನನ್ನ ಅತ್ತೆ ಎಂದೂ ಬಾಯಿಗೆ ಹಾಕದ ಹಾಗಲಕಾಯಿಯನ್ನು ಬಿಟ್ಟು ಬಂದಿದ್ದರು. ಹಲ್ಲಿಲ್ಲದ ಒಬ್ಬ ಆಚಾರ್ಯರು ಕಬ್ಬು ಬಿಟ್ಟಿದ್ದರು. ಅವರೆಲ್ಲ ಬಿಟ್ಟದ್ದನ್ನು ಒಂದೆಡೆ ಸುರಿದರೆ ಯಾರಿಗೂ ಬೇಡದ ಸಂತೆಯೊಂದು ನೆರೆಯುತ್ತಿತ್ತು. ಅವ್ವನಿಗೆ ಮಾತ್ರ ಇಂಥ ಜಾಣತನ ಸೇರುತ್ತಿರಲಿಲ್ಲ. ಜೀವಕ್ಕೆ ಸೇರಿದ್ದನ್ನೇ ಬಿಡಬೇಕು, ಇಲ್ಲವಾದರೆ ನೀರಲ್ಲಿ ಮುಳುಗಿ ಎದ್ದಷ್ಟೇ ಪುಣ್ಯ ಎಂದು ಅಣ್ಣನ ಎದುರಿಗೆ ಮತ್ತೆ ಮತ್ತೆ ಅನ್ನುತ್ತಿದ್ದಳು.

ಅಣ್ಣನಿಗೆ ಊಟ ರುಚಿಸದಾಯಿತು. ಆ ಸಲದ ಹಂಗಾಮಿನಲ್ಲಿ ಅವನು ಇದೇ ಕಡೆಯದು ಅನ್ನುವ ಹಾಗೆ ಗಾಳ ಹಾಕಿದ. ಕಚೇರಿಗೆ ಚಕ್ಕರ್ ಹೊಡೆದು ಹೋದ, ನೆಗಡಿ ಹತ್ತಿಸಿಕೊಂಡು ಹೋದ. ಕುಡಚಿಯಲ್ಲಿ ರೈಲು ಹತ್ತುವ ಹಿಂದಿನ ದಿನ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತ, ಎದ್ದ, ಮತ್ತೆ ಕೂತ. ಏನು ಬಿಡಲಿ ಎಂದು ಕೇಳಿದ. ಹಾಗಲಕಾಯಿ ಬಿಡು ಅಂದೆ. ಅವನು ನಗಲಿಲ್ಲ.

ಹೋಗಿಬಂದ ಮೇಲೆ ಅವನೇ ಹೇಳಿದ್ದು ಇಷ್ಟು. ನೀರಿನಲ್ಲಿ ನಿಂತಾಗ ಸಂಕಲ್ಪ ಹೇಳಿಸುತ್ತಿದ್ದ ಪಂಡಾ ಏನು ಬಿಡುತ್ತೀರಿ ಎಂದು ಕೇಳಿದ. ಗಾಳ ಅನ್ನುವ ಮಾತು ಅಣ್ಣನ ಗಂಟಲ ತನಕ ಬಂದಿತ್ತಂತೆ. ಬಾಯಿಂದ ಹೊರಗೆ ಬಂದದ್ದು ಪೇರಲಹಣ್ಣು. ಪಕ್ಕದಲ್ಲಿ ಅವ್ವ ಕಣ್ಣು ಮುಚ್ಚಿಕೊಂಡು ಭಾಳ ಹೊತ್ತು ನಿಂತಳು, ಆಮೇಲೆ ತುಟಿ ಅಲುಗಿಸಿದಳು. ಏನಂದಳೆಂದು ಅವನಿಗೆ ಕೇಳಿಸಲಿಲ್ಲ. ಸಮಾರಾಧನೆಯ ದಿನ ಓಣಿಯ ಹೆಂಗಸರು ಏನು ಬಿಟ್ಟಿರಿ ಎಂದು ಬೆನ್ನು ಹತ್ತಿದರು. "ಬಿಟ್ಟೀನಿ ಒಂದು" ಎಂದು ಅವ್ವ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಮನೆಯಲ್ಲಿ ಒಂದು ಬದಲಾವಣೆ ಆಯಿತು. ಸಂಜೆ ಅಣ್ಣ ಒಳಗೆ ಬಂದರೆ ಅವ್ವ ಎಲ್ಲಿ ಹೋಗಿದ್ದಿ ಎಂದು ಕೇಳುತ್ತಿರಲಿಲ್ಲ. ಮೊದಮೊದಲು ಪ್ರವಾಸದ ದಣಿವು ಅಂದುಕೊಂಡೆವು. ದಿನಗಳು ಹೋದವು, ಬೇಸಿಗೆ ಹೋಯಿತು, ಮಳೆ ಹಿಡಿಯಿತು. ಅವಳು ಕೇಳಲಿಲ್ಲ. ನನ್ನನ್ನು ಮಾತ್ರ ನನ್ನ ಕೂಸಿನ ಕೆಮ್ಮಿನಿಂದ ಹಿಡಿದು ಅತ್ತೆಯ ಮೊಣಕಾಲಿನ ತನಕ ಎಲ್ಲ ಕೇಳುತ್ತಿದ್ದಳು. ಅಣ್ಣ ಬಂದರೆ ಕೈಕಾಲು ತೊಳೆದುಕೋ ಅನ್ನುವಳು, ಬಡಿಸುವಳು, ಅಷ್ಟೇ. ಹೊಂದಿಸಿಕೊಂಡು ಬಂದ ಮಾರುತಿ ಗುಡಿಯ ಕಥೆ ಅವನ ಬಾಯೊಳಗೇ ಉಳಿಯುತ್ತಿತ್ತು. ಸಿಟ್ಟಾಗಿದ್ದೀಯೇನು ಎಂದು ಅವ್ವನನ್ನೇ ಕೇಳಿದೆ. ಯಾವ ಸಿಟ್ಟು ಎಂದು ನಕ್ಕು ಹಿಟ್ಟು ನಾದತೊಡಗಿದಳು.

ದಸರೆ ಮುಗಿಯಿತು. ನೀರು ತಿಳಿಯಾಯಿತು. ಕಣಕದ ಉಂಡೆ ಯಥಾಪ್ರಕಾರ ಬಾಳೆಲೆಯ ಚೂರಿನ ಮೇಲೆ ಕಾದಿರುತ್ತಿತ್ತು. ಅಣ್ಣ ಒಯ್ದ. ಆದರೆ ಈ ಸಲ ಕೆರೆಯ ದಂಡೆಯಲ್ಲೂ ಅವನ ಕಾಲು ಕುಣಿಯತೊಡಗಿತು. ಪೇಟೆಯಲ್ಲಿ ಸಿಕ್ಕ ಧರೆಪ್ಪ ನನ್ನನ್ನು ನಿಲ್ಲಿಸಿಯೇ ಹೇಳಿದ. "ನಿಮ್ಮ ಅಣ್ಣಾರು ಗಾಳ ಒಗೀತಾರ, ಜಗ್ಗತಾರ, ಎದ್ದ ಅಡ್ಡಾಡತಾರ. ಬೆಂಡ ಮುಳಗಿದ್ದೂ ಖಬರ ಇಲ್ಲರೀ. ಮೀನಕ್ಕೂ ಬ್ಯಾಸರ ಬಂದೈತಿ."

ಅಣ್ಣ ನನ್ನ ಹತ್ತಿರ ಬಂದು ಅವ್ವನಿಗೆ ಗೊತ್ತಾಗಿದೆ, ಅದಕ್ಕೇ ತನ್ನ ಕೂಡ ಮಾತು ಬಿಟ್ಟಿದ್ದಾಳೆ ಅಂದ. ಹಾಗಿದ್ದರೆ ಗಾಳ ಮುರಿದು ಒಲೆಗೆ ಹಾಕು ಎಂದು ನಾನು ರೇಗಿದೆ. ಅವನು ಬಾಗಿಲ ತನಕ ಹೋಗಿ ತಿರುಗಿ ಬಂದ. "ಬಿಡ್ಲಿಕ್ಕೆ ಆಗಿದ್ದರ ಗಂಗಿಯೊಳಗ ಬಿಡತಿದ್ದೆ ಕುಮೂ. ಬಿಡ್ಲಿಕ್ಕೂ ಆಗಲಿಲ್ಲ, ಈಗ ಹಿಡೀಲಿಕ್ಕೂ ಆಗವಲ್ಲದು."

ಅದಾದ ವಾರದೊಳಗೇ ಇರಬೇಕು. ದೀಪ ಹಚ್ಚಿ ನಾನು ಹೂಬತ್ತಿಗಳನ್ನು ತುಪ್ಪದಲ್ಲಿ ಅದ್ದುತ್ತಿದ್ದೆ. ಅವ್ವ ಕಂಬಕ್ಕೆ ಒರಗಿ ಅರಳೆ ಹಿಂಜುತ್ತಿದ್ದಳು. ಅಣ್ಣ ಹಿತ್ತಲಿನಿಂದ ಬರಲಿಲ್ಲ, ತಲಬಾಗಿಲಿನಿಂದಲೇ ಬಂದ. ಧೋತರದ ಅಂಚು ಒದ್ದೆಯಾಗಿತ್ತು. ಕೈಯಲ್ಲಿ ಗಾಳದ ಕೋಲು, ದಾರಕ್ಕೆ ಜೋಳದ ಬೆಂಡು ತೂಗುತ್ತಿತ್ತು. ಎಷ್ಟೋ ವರ್ಷ ಧರೆಪ್ಪನ ಮನೆಯ ಸೂರಿನಲ್ಲಿ ಬಚ್ಚಿಟ್ಟದ್ದನ್ನು ಮಡಿ ಹೆಂಗಸಿನ ಮುಂದೆ ಹಿಡಿದುಕೊಂಡು ನಿಂತ.

"ಅವ್ವಾ, ಎಲ್ಲೆ ಹೋಗಿದ್ದಿ ಅಂತ ಕೇಳು."

ಅವ್ವ ಕೋಲನ್ನು ನೋಡಿದಳು, ಅವನ ಮುಖ ನೋಡಿದಳು. ಕೈಕಾಲು ತೊಳೆದುಕೋ, ಬಡಿಸುತ್ತೇನೆ ಅಂದಳು.

"ಒಮ್ಮೆ ಕೇಳವಾ. ಈ ಸಲ ಸುಳ್ಳು ಹೇಳೂದಿಲ್ಲ."

"ಕೇಳೂಹಂಗಿಲ್ಲೋ ದತ್ತೂ. ಅದನ್ನ ಗಂಗಿಯೊಳಗ ಬಿಟ್ಟು ಬಂದೀನಿ."

ಅಣ್ಣನಿಗೆ ತಿಳಿಯಲಿಲ್ಲ. ಅವ್ವ ಅರಳೆಯನ್ನು ಬದಿಗಿಟ್ಟು, ಸಣ್ಣ ಹುಡುಗರಿಗೆ ಹೇಳುವ ಹಾಗೆ ಹೇಳಿದಳು.

"ಜೀವಕ್ಕ ಸೇರೂದು ಬಿಡಬೇಕು ಅಂದ್ರು. ನೀರಾಗ ನಿಂತು ವಿಚಾರ ಮಾಡಿದೆ. ಒಪ್ಪತ್ತು ಉಣ್ಣಾಕಿ, ತಿನ್ನೂದ್ರಾಗ ಬಿಡ್ಲಿಕ್ಕೆ ಏನೂ ಉಳಿದಿದ್ದಿಲ್ಲ. ಸಂಜೀಮುಂದ ನೀ ಬರತಿದ್ದಿ, ನಾ ಕೇಳತಿದ್ದೆ, ನೀ ಹೇಳತಿದ್ದಿ. ನಂದು ಅಂತ ಇದ್ದದ್ದು ಅದೊಂದ."

ಅವನು ಹೇಳಿದ್ದು ಸುಳ್ಳೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. ಉಂಡೆಯ ಆಸೆಗೆ ಆಕಳು ದಿನಾಲೂ ಹಿತ್ತಲಿನ ಬಾಗಿಲಿಗೆ ಬಂದು ಕೂಗುತ್ತಿದ್ದದ್ದು ಅವಳ ಕಿವಿಗೆ ಬೀಳುತ್ತಿರಲಿಲ್ಲವೇ? ಅದಕ್ಕೆಂದು ಅವಳು ಇನ್ನೊಂದು ಉಂಡೆ ಬೇರೆ ನಾದುತ್ತಿದ್ದಳು. ಜೀವಹಿಂಸೆ ತನಗೆ ಸೇರುವುದಿಲ್ಲ, ಅದರ ಲೆಕ್ಕ ನೀನೂ ದೇವರೂ ನೋಡಿಕೊಳ್ಳಿರಿ ಎಂದಳು. ಆದರೆ ಆ ಸುಳ್ಳಿನೊಳಗೆ ಪೇಟೆ ಇತ್ತು, ಗುಡಿ ಇತ್ತು, ಮಂದಿಯ ಲಗ್ನಗಳಿದ್ದವು. ಹೊಸ್ತಿಲು ದಾಟದವಳು ಅವನ ಬಾಯಿಂದ ದಿನಾಲೂ ಊರು ತಿರುಗಿ ಬರುತ್ತಿದ್ದಳು. ಇಷ್ಟು ದಿನ ಅದೇ ಹೊಸ್ತಿಲೊಳಗೆ ಓಡಾಡಿದ ನನಗೆ ಇದು ಗೊತ್ತಾಗಿರಲಿಲ್ಲ.

ಅಣ್ಣ ಕೋಲನ್ನು ಗೋಡೆಗೆ ಆನಿಸಿದ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತಾನೆ ಅಂದುಕೊಂಡೆ, ಮಾತು ಭಾರವಾದಾಗಲೆಲ್ಲ ಅವನು ಮಾಡುತ್ತಿದ್ದದ್ದೇ ಅದು. ಅವನು ಹೋಗಲಿಲ್ಲ. ಅವ್ವನ ಮಡಿಗೆ ತಾಗದಷ್ಟು ದೂರದಲ್ಲಿ ನೆಲದ ಮೇಲೆ ಕೂತ. ಯಾರೂ ಕೇಳದಿದ್ದರೂ ತಾನೇ ಶುರುಮಾಡಿದ. ಹಳ್ಳದ ನೀರು ಹೇಗೆ ತಿಳಿಯಾಗಿದೆ, ಜಾಲಿಯ ನೆರಳು ಎಲ್ಲಿಯ ತನಕ ಬೀಳುತ್ತದೆ, ಕರೆವ್ವ ದಿನಾಲೂ ಗಂಡನನ್ನು ಏನೆಂದು ಬೈಯುತ್ತಾಳೆ, ಮಿಂಚುಳ್ಳಿ ಯಾವ ಟೊಂಗೆಯ ಮೇಲೆ ಕೂಡ್ರುತ್ತದೆ, ಒಂದನ್ನೂ ಬಿಡದೆ ಹೇಳಿದ. ಇದರಲ್ಲಿ ಸುಳ್ಳು ಒಂದೂ ಇರಲಿಲ್ಲ, ಆದರೂ ಕಥೆ ಮೊದಲಿನವುಗಳಿಗಿಂತ ಛಲೋ ಇತ್ತು. ಅವನ ಎಡಗಾಲು ಸುಮ್ಮನೆ ಇತ್ತು. ಅವ್ವ ಅರಳೆ ಹಿಂಜುವುದನ್ನು ಮರೆತಿದ್ದಳು.

ಇವತ್ತು ಸಂಜೆ ಬಿಸಿಲು ಇಳಿಯುವಾಗ ಗಾಳಿ ನಿಂತಿತು, ಬೆಂಡು ಒಮ್ಮೆ ನಡುಗಿತು, ಅಡ್ಡಕ್ಕೆ ಸರಿಯಿತು, ಗಪ್ಪನೆ ಒಳಗೆ ಹೋಯಿತು ಎಂದು ಹೇಳಿ, ಹಳೆಯ ರೂಢಿಯಂತೆ ಅಣ್ಣ ಅಲ್ಲಿ ತಡೆದ. ಅವ್ವ ಬಾಯಿ ತೆರೆದಳು. ನೆನಪಾಗಿ ಮುಚ್ಚಿದಳು. ಸೆರಗಿನ ಅಂಚನ್ನು ಹಿಡಿದುಕೊಂಡು ಅವಳು ನನ್ನ ಕಡೆಗೆ ನೋಡಿದಳು.

"ಮುಂದ ಏನಾತೋ ಅಣ್ಣಾ?" ಎಂದು ಅವಳ ಪರವಾಗಿ ನಾನು ಕೇಳಿದೆ.